ಮೆಕ್ಕೆಜೋಳದ ಶೆಡ್ಡಿಗೆ ಸ್ಮೋಕ್ ಡಿಟೆಕ್ಟರ್: ಎಲ್ಲಿ ಕೂರಿಸಬೇಕು, ವೈರ್ ಹೇಗೆ ಎಳೆಯಬೇಕು?

ಫೆಬ್ರವರಿ ಹೊತ್ತಿಗೆ ನಮ್ಮ ಕಡೆ ಮೆಕ್ಕೆಜೋಳ, ಶೇಂಗಾ ಎಲ್ಲ ಕಣದಿಂದ ಶೆಡ್ಡಿಗೆ ಬಂದಿರುತ್ತವೆ. ರೇಟು ಬರಲಿ ಅಂತ ಕಾಯ್ತಾ ಇರ್ತೀರಿ. ಮೈಲಾರದ ಕಾರ್ಣಿಕ, ಕೊಟ್ಟೂರು ತೇರು ಬರೋದೂ ಅದೇ ಹೊತ್ತಿಗೆ. ಮಂದಿಯೆಲ್ಲ ಜಾತ್ರೆಗೆ ಹೋದಾಗ ಹೊಲದ ಶೆಡ್ಡಿನಲ್ಲಿ ವರ್ಷದ ದುಡಿಮೆ ಒಂಟಿಯಾಗಿ ಕೂತಿರುತ್ತದೆ. ಸ್ವಿಚ್ ಬೋರ್ಡಿನ ಒಂದು ಸಡಿಲ ವೈರು ಕಿಡಿ ಕಾರಿ ಗೋಣಿಚೀಲಕ್ಕೆ ಹತ್ತಿದರೆ, ಬೆಂಕಿ ಎಷ್ಟೋ ಹೊತ್ತು ಒಳಗೊಳಗೇ ಹೊಗೆಯಾಡುತ್ತದೆ. ತಗಡಿನ ಸಂದಿಯಿಂದ ಉರಿ ಕಂಡಮೇಲೆ ಫೋನ್ ಮಾಡಿದರೆ, ಅಗ್ನಿಶಾಮಕದ ಗಾಡಿ ತಾಲ್ಲೂಕು ಕೇಂದ್ರದಿಂದ ಬರುವಷ್ಟರಲ್ಲಿ ಉಳಿಯೋದು ಬೂದಿ. ಆ ಹೊಗೆಯಾಡುವ ಹೊತ್ತಿನಲ್ಲೇ ನಿಮಗೆ ಸುದ್ದಿ ಮುಟ್ಟಿಸೋದು ಡಿಟೆಕ್ಟರ್ ಕೆಲಸ.

ಬ್ಯಾಟರಿ ಹಾಕಿ ಗೋಡೆಗೆ ಸಿಕ್ಕಿಸುವಂಥವು ಸಾವಿರ ರೂಪಾಯಿ ಆಸುಪಾಸಿಗೇ ಸಿಗುತ್ತವೆ. ಮನೆಯಲ್ಲಿ ಮಲಗುವ ಕೋಣೆಯ ಮುಂದೆ ಅದೊಂದು ಸಾಕು. ಅಡುಗೆಮನೆಯಲ್ಲಿ ಮಾತ್ರ ಬೇಡ, ಮೆಣಸಿನಕಾಯಿ ಒಗ್ಗರಣೆಗೇ ಅದು ಕೂಗುತ್ತದೆ. ಆದರೆ ಅದನ್ನೇ ತಂದು ಹೊಲದ ಶೆಡ್ಡಿಗೆ ಹಾಕಿದರೆ ಪ್ರಯೋಜನ ಕಡಿಮೆ. ಒಂದು, ಅದು ಕೂಗಿದರೂ ಕೇಳೋರು ಯಾರೂ ಇಲ್ಲ. ಇನ್ನೊಂದು, ಧೂಳು.

ಈಗ ಸಿಗುವ ಬಹುತೇಕ ಡಿಟೆಕ್ಟರುಗಳ ಒಳಗೆ ಒಂದು ಕತ್ತಲೆ ಗೂಡಿರುತ್ತದೆ. ಅದರೊಳಗೆ ಕಣ್ಣಿಗೆ ಕಾಣದ ಬೆಳಕು ಒಂದು ದಿಕ್ಕಿಗೆ ಹೋಗುತ್ತಿರುತ್ತದೆ, ಸೆನ್ಸರ್ ಬೇರೆ ದಿಕ್ಕಿಗೆ ನೋಡುತ್ತಿರುತ್ತದೆ. ಹೊಗೆ ಒಳಗೆ ಬಂದಾಗ ಬೆಳಕು ಚದುರಿ ಸೆನ್ಸರಿಗೆ ಬಡಿಯುತ್ತದೆ, ಆಗ ಅಲಾರಂ. ಮೆಕ್ಕೆಜೋಳದ ಹೊಟ್ಟು ಹೋದರೂ ಬೆಳಕು ಹಾಗೇ ಚದುರುತ್ತದೆ. ಹೊಟ್ಟು ಯಾವುದು, ಹೊಗೆ ಯಾವುದು ಅಂತ ಆ ಯಂತ್ರಕ್ಕೆ ಗೊತ್ತಾಗೋದಿಲ್ಲ. ನಾಲ್ಕು ಸಲ ಸುಮ್ಮನೆ ಕೂಗಿದರೆ ಐದನೇ ಸಲ ನೀವೇ ವೈರ್ ಕಿತ್ತಿರ್ತೀರಿ.

ಹಾಗಾಗಿ ಚೀಲ ಜೋಡಿಸಿ ಬಾಗಿಲು ಹಾಕುವ ಕೋಣೆಗೆ ಸ್ಮೋಕ್ ಡಿಟೆಕ್ಟರ್ ಹಾಕಿ. ರಾಶಿ ಮಾಡುವ, ತೂರುವ, ಮೇವು ಕತ್ತರಿಸುವ ಜಾಗಕ್ಕೆ ಹೀಟ್ ಡಿಟೆಕ್ಟರ್ ಹಾಕಿ. ಅದು ಬಿಸಿ ಏರಿದಾಗ ಮಾತ್ರ ಕೂಗುತ್ತದೆ. ಸ್ವಲ್ಪ ತಡವಾಗಿ ಕೂಗುತ್ತದೆ ಅನ್ನೋದು ನಿಜ, ಆದರೆ ಸುಳ್ಳು ಹೇಳೋದು ಕಡಿಮೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡೋದು 57 ಡಿಗ್ರಿ ಸುಮಾರಿಗೆ ಕೂಗುವಂಥದ್ದು. ಏಪ್ರಿಲ್-ಮೇನಲ್ಲಿ ನಮ್ಮ ತಗಡಿನ ಕೆಳಗೆ ಬೆಂಕಿ ಇಲ್ಲದೆಯೂ ಆ ಬಿಸಿ ಮುಟ್ಟಬಹುದು. 75-80 ಡಿಗ್ರಿಯದು ಬೇಕು ಅಂತ ಕೇಳಿ ತಗೊಳ್ಳಿ.

ಕಾದ ತಗಡಿನಿಂದ ಇನ್ನೊಂದು ತೊಂದರೆಯೂ ಇದೆ. ಮಧ್ಯಾಹ್ನ ತಗಡಿನ ಕೆಳಗೆ ಬಿಸಿ ಗಾಳಿಯ ಪದರ ನಿಂತಿರುತ್ತದೆ. ಶುರುವಿನ ತಣ್ಣನೆ ಹೊಗೆ ಅದನ್ನು ದಾಟಲಾಗದೆ ಕೆಳಗೇ ಹರಡಿಕೊಳ್ಳುತ್ತದೆ. ಅದಕ್ಕೇ ಸ್ಮೋಕ್ ಡಿಟೆಕ್ಟರನ್ನು ತಗಡಿಗೆ ಅಂಟಿಸದೆ, ಪೈಪಿನಲ್ಲಿ ಒಂದು ಅಡಿ ಕೆಳಗೆ ಇಳಿಬಿಡಿ. ಹೀಟ್ ಡಿಟೆಕ್ಟರ್ ಮಾತ್ರ ಮೇಲಿನಿಂದ ಅರ್ಧ ಅಡಿಯೊಳಗೇ ಇರಲಿ. ಗೋಡೆ ಮೂಲೆಗೆ ಒತ್ತಿ ಯಾವುದನ್ನೂ ಹಾಕಬೇಡಿ, ಅಲ್ಲಿ ಗಾಳಿ ಆಡೋದಿಲ್ಲ. 30×40 ಅಡಿ ಶೆಡ್ಡಿಗೆ ಸ್ಮೋಕ್ ಆದರೆ ಎರಡು, ಹೀಟ್ ಆದರೆ ಮೂರು-ನಾಲ್ಕು ಬೇಕು.

ಇನ್ನು ವೈರಿಂಗ್. ತಪ್ಪು ಹೆಚ್ಚು ಆಗೋದು ಇಲ್ಲೇ. ಹಲವು ಡಿಟೆಕ್ಟರ್ ಸೇರಿಸುವ ಸಾಮಾನ್ಯ ಪ್ಯಾನೆಲ್ 24 ವೋಲ್ಟ್ ಡಿಸಿಯಲ್ಲಿ ಓಡುತ್ತದೆ. ಪ್ಯಾನೆಲ್ಲಿನಿಂದ ಎರಡು ವೈರು ಹೊರಟು ಮೊದಲ ಡಿಟೆಕ್ಟರಿನ ಬೇಸಿಗೆ, ಅಲ್ಲಿಂದ ಎರಡನೆಯದಕ್ಕೆ, ಹೀಗೆ ಸರಪಳಿಯಂತೆ ಹೋಗಬೇಕು. ಕೊನೆಯ ಬೇಸಿನಲ್ಲಿ ಪ್ಯಾನೆಲ್ ಜೊತೆ ಕೊಟ್ಟ ಸಣ್ಣ ರೆಸಿಸ್ಟರ್ ಕೂರಿಸಬೇಕು. ಪ್ಯಾನೆಲ್ ಈ ದಾರಿಯಲ್ಲಿ ಯಾವಾಗಲೂ ಒಂಚೂರು ಕರೆಂಟ್ ಹರಿಸಿ ನೋಡುತ್ತಿರುತ್ತದೆ. ಇಲಿ ಎಲ್ಲಾದರೂ ವೈರ್ ಕಡಿದರೆ ಆ ಹರಿವು ನಿಂತು ಫಾಲ್ಟ್ ಲೈಟ್ ಹತ್ತುತ್ತದೆ. ಮನೆ ವೈರಿಂಗ್ ಮಾಡಿ ರೂಢಿಯಾದ ಎಲೆಕ್ಟ್ರಿಷಿಯನ್ ವೈರ್ ಉಳಿಸಲು ನಡುವೆ ಜಾಯಿಂಟ್ ಹಾಕಿ ಕವಲು ತೆಗೆಯುತ್ತಾರೆ. ಡಿಟೆಕ್ಟರ್ ಕೆಲಸವನ್ನೂ ಮಾಡುತ್ತದೆ. ಆದರೆ ಆ ಕವಲು ತುಂಡಾದರೆ ಪ್ಯಾನೆಲ್ಲಿಗೆ ಗೊತ್ತೇ ಆಗೋದಿಲ್ಲ. ದುಡ್ಡು ಕೊಡುವ ಮುಂಚೆ ಒಂದೊಂದೇ ಡಿಟೆಕ್ಟರ್ ತಿರುಗಿಸಿ ಬಿಚ್ಚಿ ನೋಡಿ. ಪ್ರತಿ ಸಲವೂ ಫಾಲ್ಟ್ ತೋರಿಸಬೇಕು. ತೋರಿಸದಿದ್ದರೆ ಮತ್ತೆ ಮಾಡಿಸಿ. ವೈರೆಲ್ಲ ಪಿವಿಸಿ ಪೈಪಿನೊಳಗೇ ಹೋಗಲಿ.

ಪ್ಯಾನೆಲ್ಲಿಗೆ ಕರೆಂಟನ್ನು ಪಂಪ್‌ಸೆಟ್ ಲೈನಿನಿಂದ ತೆಗೆಯಬೇಡಿ. ಅಲ್ಲಿ ತ್ರೀ ಫೇಸ್ ಇರೋದೇ ಕೆಲವು ತಾಸು, ಬ್ಯಾಟರಿ ಪೂರ್ತಿ ಚಾರ್ಜ್ ಆಗೋದಿಲ್ಲ. ಮನೆ ಲೈನ್ ಶೆಡ್ಡಿಗೆ ಇದ್ದರೆ ಅದರಿಂದ ಪ್ರತ್ಯೇಕ ಎಂಸಿಬಿ ಹಾಕಿಸಿ, ಇಲ್ಲದಿದ್ದರೆ ಸಣ್ಣ ಸೋಲಾರ್. 230 ವೋಲ್ಟಿನ ಈ ಭಾಗವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ.

ಊರಲ್ಲಿರುವ ನಿಮಗೆ ಸುದ್ದಿ ಮುಟ್ಟಲು ಪ್ಯಾನೆಲ್ಲಿಗೆ ಜಿಎಸ್ಎಂ ಡಯಲರ್ ಜೋಡಿಸಬಹುದು. ಅಲಾರಂ ಆದ ತಕ್ಷಣ ಅದು ನಿಮ್ಮ ನಂಬರಿಗೆ ಕಾಲ್ ಮಾಡುತ್ತದೆ. ಕಡಿಮೆ ಬೆಲೆಯ ಹಲವು ಡಯಲರುಗಳು 2ಜಿಯಲ್ಲಷ್ಟೇ ಓಡುತ್ತವೆ, ಅವುಗಳಿಗೆ ಜಿಯೋ ಸಿಮ್ ಆಗೋದಿಲ್ಲ. ಶೆಡ್ಡಿನಲ್ಲಿ ಯಾವ ಸಿಮ್ಮಿಗೆ ಸಿಗ್ನಲ್ ಬರುತ್ತದೆ ಅಂತ ಮೊದಲು ನಿಮ್ಮ ಫೋನಿನಲ್ಲೇ ನೋಡಿಕೊಳ್ಳಿ. ರೀಚಾರ್ಜ್ ಮುಗಿಯುವ ದಿನಕ್ಕೆ ರಿಮೈಂಡರ್ ಇಡಿ. ನಂಬರು ನಿಮ್ಮದೊಂದೇ ಬೇಡ, ಪಕ್ಕದ ಹೊಲದವರದ್ದೂ ಹಾಕಿ. ತೇರಿನ ಗದ್ದಲದಲ್ಲಿ ನಿಮಗೆ ರಿಂಗ್ ಕೇಳಿಸದಿರಬಹುದು.

ಹುಳದ ಗುಳಿಗೆ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಕಾಳಿಗೆ ಹುಳ ಬಿದ್ದಾಗ ತರಬೇತಿ ಪಡೆದವರಿಂದ ಅಲ್ಯೂಮಿನಿಯಂ ಫಾಸ್ಫೈಡ್ ಹಾಕಿಸುತ್ತೀರಲ್ಲ, ಅದರಿಂದ ಏಳುವ ಫಾಸ್ಫೀನ್ ಗ್ಯಾಸ್ ತಾಮ್ರವನ್ನು ತಿನ್ನುತ್ತದೆ. ಡಿಟೆಕ್ಟರಿನ ಒಳಗಿನ ಸರ್ಕ್ಯೂಟ್ ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಂಡು, ಒಳಗೆ ಸತ್ತಿರಬಹುದು. ಗುಳಿಗೆ ಇಡುವ ಮುಂಚೆ ಡಿಟೆಕ್ಟರುಗಳನ್ನು ಬೇಸಿನಿಂದ ಬಿಚ್ಚಿ ಹೊರಗಿಡಿ. ಪ್ಯಾನೆಲ್ ಮೊದಲಿನಿಂದಲೇ ಕೋಣೆಯ ಹೊರಗೆ ಇದ್ದರೆ ಒಳ್ಳೆಯದು. ಗ್ಯಾಸ್ ಪೂರ್ತಿ ಹೋಯಿತು ಅಂತ ಅವರು ಹೇಳಿದಮೇಲೆ ಮತ್ತೆ ಸಿಕ್ಕಿಸಿ.

ತಿಂಗಳಿಗೊಮ್ಮೆ ಟೆಸ್ಟ್ ಮಾಡಿ, ಸುಗ್ಗಿ ಮುಗಿದಮೇಲೆ ಬ್ರಷ್ಷಿನಿಂದ ಧೂಳು ತೆಗೆಯಿರಿ. ಚೀಲ ತುಂಬುವ ದಿನ ಧೂಳಿನ ಮುಚ್ಚಳ ಹಾಕಿದ್ದರೆ ಸಂಜೆ ಮರೆಯದೆ ತೆಗೆಯಿರಿ. ಅಲಾರಂ ಕಾಲ್ ಬಂದರೆ ಮೊದಲು 101 ಅಥವಾ 112ಕ್ಕೆ ಫೋನ್ ಮಾಡಿ, ಆಮೇಲೆ ಬೈಕ್ ಹತ್ತಿ.