ಹೊಸ ಸಂಸಾರದ ಲೆಕ್ಕದಲ್ಲಿ ಮುಚ್ಚುಮರೆ ಬೇಡ

ವಿವಾಹ ಸಂಸ್ಕಾರದಲ್ಲಿ ವಧೂವರರು ಸುಖದುಃಖಗಳೆರಡರಲ್ಲಿಯೂ ಪರಸ್ಪರ ನಿಷ್ಠರಾಗಿ ಬಾಳುವೆವೆಂದು ದೇವರ ಮುಂದೆ ವಾಗ್ದಾನ ಮಾಡುತ್ತಾರೆ. ಈ ನಿಷ್ಠೆಯು ಮನೆಯ ಹಣಕಾಸಿಗೂ ಅನ್ವಯಿಸುತ್ತದೆಂಬುದು ಅನೇಕ ದಂಪತಿಗಳಿಗೆ ತಡವಾಗಿ ಮನವರಿಕೆಯಾಗುತ್ತದೆ. ಪತಿಯ ಸಂಬಳವೆಷ್ಟೆಂದು ತಿಳಿಯದ ಪತ್ನಿಯರೂ, ಪತ್ನಿಯ ತವರಿನವರು ಮದುವೆಗಾಗಿ ಮಾಡಿದ ಸಾಲವೆಷ್ಟೆಂದು ವಿಚಾರಿಸದ ಪತಿಯರೂ ನಮ್ಮ ಧರ್ಮಕೇಂದ್ರಗಳಲ್ಲಿ ಅಪರೂಪವಲ್ಲ.

ಹೊಸ ಸಂಸಾರದ ಮೊದಲ ಸಾಲ ಎಷ್ಟೋ ಸಲ ಮದುವೆಯ ಸಾಲವೇ. ಕರಾವಳಿಯಲ್ಲಿ ರೋಸ್ ಸಮಾರಂಭದಿಂದ ಮೊದಲ್ಗೊಂಡು ಸಭಾಂಗಣ, ಭೋಜನ, ಬ್ಯಾಂಡು, ಉಡುಪು, ಚಿನ್ನದವರೆಗೆ ಖರ್ಚು ಬೆಳೆಯುತ್ತದೆ. ಪೋಪ್ ಫ್ರಾನ್ಸಿಸ್ ಅವರು 2016ರಲ್ಲಿ ಪ್ರಕಟಿಸಿದ ‘ಆಮೋರಿಸ್ ಲೆತೀಸಿಯ’ ಎಂಬ ಪ್ರಬೋಧನೆಯಲ್ಲಿ, ಇಂತಹ ಸಿದ್ಧತೆಗಳು ಹಣದೊಂದಿಗೆ ವಧೂವರರ ಚೈತನ್ಯವನ್ನೂ ಸಂತೋಷವನ್ನೂ ಬರಿದುಮಾಡುತ್ತವೆಂದು ಎಚ್ಚರಿಸಿ, ಸರಳ ವಿವಾಹವನ್ನು ಆರಿಸಿಕೊಳ್ಳುವ ಧೈರ್ಯ ತೋರುವಂತೆ ಯುವಜನರಿಗೆ ಕರೆಯಿತ್ತಿದ್ದರು. ಆದರೂ ಸಾಲವಾಗಿದ್ದರೆ ಅದನ್ನು ಮುಚ್ಚಿಡುವುದು ಸಾಲಕ್ಕಿಂತ ದೊಡ್ಡ ಹಾನಿ. ಸಾಲವನ್ನು ತೀರಿಸಬಹುದು, ಕಳೆದುಹೋದ ನಂಬಿಕೆಯನ್ನು ಮರಳಿ ಗಳಿಸುವುದು ಕಷ್ಟ.

ಕಾನಾ ಊರಿನ ಮದುವೆಮನೆಯಲ್ಲಿ ದ್ರಾಕ್ಷಾರಸ ಮುಗಿದಾಗ ಮಾತೆ ಮರಿಯಮ್ಮನವರು ಕೊರತೆಯನ್ನು ಮರೆಮಾಚಲಿಲ್ಲ, ಯಾರನ್ನೂ ದೂಷಿಸಲಿಲ್ಲ; ಇದ್ದುದನ್ನು ಇದ್ದಂತೆಯೇ ಯೇಸುವಿಗೆ ತಿಳಿಸಿದರು. ದಂಪತಿಗಳು ಅನುಸರಿಸಬೇಕಾದ ಮಾದರಿ ಇದೇ.

ಮದುವೆಯಾದ ಮೊದಲ ತಿಂಗಳಲ್ಲಿಯೇ ಇಬ್ಬರೂ ಕುಳಿತು ಮೂರು ವಿಷಯಗಳನ್ನು ಬರೆದಿಡಲಿ: ಆದಾಯ, ಸಾಲ ಮತ್ತು ಹುಟ್ಟಿದ ಮನೆಯ ಕರ್ತವ್ಯಗಳು. ಮೂರನೆಯದೇ ಹೆಚ್ಚಿನ ಜಗಳಕ್ಕೆ ಮೂಲ. ಪತಿಯು ತನ್ನ ತಾಯಿಗೆ ಹಣ ಕಳುಹಿಸಿದರೆ ಅದು ಕರ್ತವ್ಯ, ಪತ್ನಿಯು ತನ್ನ ತಾಯಿಗೆ ಕಳುಹಿಸಿದರೆ ಅದು ಪೋಲು ಎಂಬ ಭಾವನೆ ಇಂದಿಗೂ ಉಳಿದಿದೆ. ತಂದೆತಾಯಿಯರನ್ನು ಗೌರವಿಸಬೇಕೆಂಬ ನಾಲ್ಕನೆಯ ಕಟ್ಟಳೆಯು ಗಂಡುಮಕ್ಕಳಿಗೆ ಮಾತ್ರ ವಿಧಿಸಿದುದಲ್ಲ. ಇಬ್ಬರೂ ತಿಳಿದು, ಒಪ್ಪಿ ಎರಡೂ ಮನೆಗಳಿಗೆ ನೆರವಾದರೆ ಗುಟ್ಟಿಗೆ ಅವಕಾಶವಿರುವುದಿಲ್ಲ.

ಉದಾಹರಣೆಗೆ, ಇಬ್ಬರ ಆದಾಯ ಸೇರಿ ತಿಂಗಳಿಗೆ 40,000 ರೂಪಾಯಿ ಎಂದಿಟ್ಟುಕೊಳ್ಳೋಣ. ಬಾಡಿಗೆಗೆ 10,000, ಸಾಲದ ಕಂತಿಗೆ 8,000, ದಿನಸಿ, ಪ್ರಯಾಣ ಮುಂತಾದ ಮನೆಖರ್ಚಿಗೆ 12,000 ಕಳೆದರೆ ಉಳಿಯುವುದು 10,000. ಅದರಲ್ಲಿ ಎರಡೂ ಕಡೆಯ ಹಿರಿಯರಿಗೆ ತಲಾ 2,000, ಉಳಿತಾಯಕ್ಕೆ 3,500, ದೇವಾಲಯದ ಕಾಣಿಕೆ ಹಾಗೂ ಬಡವರಿಗಾಗಿ 500, ಮಿಕ್ಕ 2,000ದಲ್ಲಿ ಇಬ್ಬರಿಗೂ ಸ್ವಂತ ವೆಚ್ಚಕ್ಕೆ ತಲಾ 1,000. ಈ ಕೊನೆಯ ಮೊತ್ತಕ್ಕೆ ಯಾರೂ ಯಾರಿಂದಲೂ ಲೆಕ್ಕ ಕೇಳಬಾರದು. ಎಲ್ಲವನ್ನೂ ತಿಳಿಸುವುದೆಂದರೆ ಪ್ರತಿ ಕಾಸಿಗೂ ಅನುಮತಿ ಬೇಡುವುದಲ್ಲ.

ಕಾನೂನಿನ ಕೆಲವು ಅಂಶಗಳೂ ತಿಳಿದಿರಬೇಕು. ಕ್ರೈಸ್ತ ಸ್ತ್ರೀಯರಿಗೆ ಅನ್ವಯಿಸುವ 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯ ಪ್ರಕಾರ ಪತ್ನಿಯ ಸಂಪಾದನೆ ಆಕೆಯ ಸ್ವಂತ ಸ್ವತ್ತು. ಆಕೆ ಅದನ್ನು ಮನೆಗೆ ಕೊಡುವುದು ಪ್ರೀತಿಯಿಂದಲೇ ಹೊರತು ಪತಿಯ ಹಕ್ಕಿನಿಂದಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ, ಮದುವೆಗೆ ಮೊದಲು ಬರೆದ ಉಯಿಲು ಮದುವೆಯೊಡನೆ ರದ್ದಾಗುತ್ತದೆ. ಆದುದರಿಂದ ಉಯಿಲನ್ನು ಹೊಸದಾಗಿ ಬರೆಯುವುದೂ, ಬ್ಯಾಂಕು, ವಿಮೆ, ಭವಿಷ್ಯನಿಧಿಗಳಲ್ಲಿನ ನಾಮನಿರ್ದೇಶನವನ್ನು ಪರಿಶೀಲಿಸುವುದೂ ಅಗತ್ಯ. ಮನೆಖರ್ಚಿನ ಜಂಟಿ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು ನಡೆಸುವಂತೆ ತೆರೆದರೆ ಆಪತ್ತಿನ ವೇಳೆ ಪರದಾಟ ತಪ್ಪುತ್ತದೆ.

ತಿಂಗಳಿಗೊಂದು ಸಂಜೆ, ಕುಟುಂಬದ ಜಪಸರ ಪ್ರಾರ್ಥನೆಯ ಬಳಿಕ ಲೆಕ್ಕದ ಪುಸ್ತಕವನ್ನು ಇಬ್ಬರೂ ಜೊತೆಯಾಗಿ ತೆರೆಯಲಿ. ಕಡಿಮೆಬಿದ್ದ ತಿಂಗಳಲ್ಲಿ ತಪ್ಪಿತಸ್ಥರನ್ನು ಹುಡುಕದೆ ಮುಂದಿನ ತಿಂಗಳ ದಾರಿಯನ್ನು ಹುಡುಕಲಿ. ಮೊದಲ ವರ್ಷದಲ್ಲಿ ಬೆಳೆಸಿಕೊಂಡ ಈ ರೂಢಿಯು, ಮಕ್ಕಳು ಬಂದು ಹೊಣೆಗಳು ಹೆಚ್ಚಿದಾಗ ಸಂಸಾರಕ್ಕೆ ಆಸರೆಯಾಗುವುದು.