ಬಿರುಕು ಹುಟ್ಟುವುದು ತಳದಲ್ಲಿ

ಕಳೆದ ಮಳೆಗಾಲದಲ್ಲಿ ನನ್ನ ರೂಮ್‌ಮೇಟ್ ಸ್ಕೂಟರ್‌ನಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡ. ಒಂದು ಇಂಟರ್ನಲ್ಸೂ ಹೋಯಿತು. ಹಿಂದಿನ ವಾರ ಆ ಜಾಗದಲ್ಲಿ ಗುಂಡಿಯೇ ಇರಲಿಲ್ಲ, ಕೂದಲೆಳೆಯಂಥ ಬಿರುಕುಗಳಿದ್ದವು ಅಷ್ಟೆ. ‘ನೀನು ಸಿವಿಲ್ ತಾನೆ, ಇದೆಲ್ಲ ಮೊದಲೇ ಗೊತ್ತಾಗಲ್ವೇನೋ?’ ಎಂದು ಅವನು ಕೇಳಿದ್ದು ತಮಾಷೆಗೆ. ನನಗೆ ಮಾತ್ರ ಅದು ಕೊರೆಯತೊಡಗಿತು.

ಡಾಂಬರು ರಸ್ತೆಯ ಬಿರುಕು ಎಷ್ಟೋ ಸಲ ಹುಟ್ಟುವುದು ಮೇಲಲ್ಲ, ಡಾಂಬರು ಪದರದ ತಳದಲ್ಲಿ. ಲಾರಿಯ ಚಕ್ರ ಹಾದಾಗೆಲ್ಲ ಪದರ ಚೂರೇ ಚೂರು ಬಾಗಿ ತಳಭಾಗ ಹಿಗ್ಗುತ್ತದೆ. ಹೀಗೆ ಲಕ್ಷಾಂತರ ಸಲ ಆದಮೇಲೆ ಅಲ್ಲಿ ಸೀಳು ಬಿಟ್ಟು ಮೇಲೇರುತ್ತದೆ. ಅದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಮಳೆನೀರು ಇಳಿಯುವುದೊಂದೇ ಬಾಕಿ. ಈ ಹಿಗ್ಗುವಿಕೆಯನ್ನು ಐಆರ್‌ಸಿ:37ರ ಪ್ರಕಾರ ‘ಐಐಟಿಪೇವ್’ ತಂತ್ರಾಂಶದಲ್ಲಿ ಲೆಕ್ಕ ಹಾಕುತ್ತೇವೆ, ಮಾರ್ಕ್ಸೂ ಬರುತ್ತದೆ. ರಸ್ತೆಯಡಿ ನಿಜವಾಗಿ ಅಷ್ಟೇ ಇದೆಯೇ ಎಂದು ಇಣುಕುವುದು ಹೇಗೆ?

ಮನೆಗೆ ಇಂಟರ್‌ನೆಟ್ ತರುವ ಆಪ್ಟಿಕಲ್ ಫೈಬರ್ ಆ ಕೆಲಸ ಮಾಡಬಲ್ಲದು. 125 ಮೈಕ್ರಾನ್ ದಪ್ಪದ ಈ ಗಾಜಿನ ಎಳೆಯೊಳಗೆ ಅತಿನೇರಳೆ ಲೇಸರ್‌ನಿಂದ ಸೂಕ್ಷ್ಮ ಗೆರೆಗಳ ಸಾಲು ಮೂಡಿಸುತ್ತಾರೆ. ಅದೇ ಬ್ರ್ಯಾಗ್ ಗ್ರೇಟಿಂಗ್. ಅದು ಒಂದು ನಿರ್ದಿಷ್ಟ ತರಂಗಾಂತರದ ಬೆಳಕನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಎಳೆ ಹಿಗ್ಗಿದರೆ ಗೆರೆಗಳ ಅಂತರ ಹೆಚ್ಚಿ, ಆ ತರಂಗಾಂತರವೂ ಹೆಚ್ಚುತ್ತದೆ. ತೊಡಕೆಂದರೆ, ಬಿಸಿಗೂ ಅದು ಬದಲಾಗುತ್ತದೆ: ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 10 ಪಿಕೊಮೀಟರ್. ಹಾಗಾಗಿ ಎಳೆತ ತಾಗದ ಇನ್ನೊಂದು ಗ್ರೇಟಿಂಗನ್ನು ಪಕ್ಕದಲ್ಲೇ ಇಟ್ಟು, ಉಷ್ಣಾಂಶದ ಪಾಲನ್ನು ಕಳೆಯಬೇಕು. ಇಲ್ಲದಿದ್ದರೆ ಏಪ್ರಿಲ್ ಬಿಸಿಲೂ ಲಾರಿಯ ಭಾರದಂತೆ ಕಾಣುತ್ತದೆ!

ನಿಜವಾದ ಕಷ್ಟ ಹೂಳುವುದರಲ್ಲಿದೆ. ಸುಮಾರು 150 ಡಿಗ್ರಿ ಬಿಸಿಯ ಡಾಂಬರು ಮಿಶ್ರಣ, ಚೂಪು ಜಲ್ಲಿ, ಮೇಲೆ ರೋಲರ್. ಲೋಹದ ಅಥವಾ ಗಟ್ಟಿ ಪಾಲಿಮರ್ ಕವಚ ಬೇಕೇಬೇಕು. ಕವಚ ತೀರಾ ಗಟ್ಟಿಯಾದರೆ ಅದು ರಸ್ತೆಯ ಜೊತೆ ಹಿಗ್ಗುವುದೇ ಇಲ್ಲ, ಅಳತೆ ಸುಳ್ಳಾಗುತ್ತದೆ. ಹೊದಿಕೆ ಸುಲಿದ ಎಳೆಯನ್ನು ನಾನು ಲ್ಯಾಬಿನಲ್ಲಿ ಮೊದಲ ದಿನವೇ ಮೂರು ಸಲ ಮುರಿದೆ. ರಸ್ತೆಯಡಿ ಮುರಿದರೆ ಮತ್ತೆ ಅಗೆಯಬೇಕು. ಓಣಿ ಓಣಿಗೂ ಇದು ಬೇಡ, ದುಬಾರಿ. ನನ್ನ ಪ್ರಕಾರ ಮೊದಲು ಬೇಕಿರುವುದು ಓವರ್‌ಲೋಡ್ ಲಾರಿಗಳು ಓಡುವ ರಸ್ತೆಗಳಿಗೆ. ಆಕ್ಸಲ್ ಭಾರ ಎರಡು ಪಟ್ಟಾದರೆ ಹಾನಿ ಸರಿಸುಮಾರು 16 ಪಟ್ಟು ಎಂಬುದು 1958–60ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ಆಶೊ ರಸ್ತೆ ಪರೀಕ್ಷೆಯಿಂದ ಬಂದ ಲೆಕ್ಕ.

ಮಿನಿ ಪ್ರಾಜೆಕ್ಟ್‌ಗೆ ಇದನ್ನೇ ಹಿಡಿದಿದ್ದೇವೆ. ಇಬ್ಬರು ಸಿವಿಲ್, ಇಬ್ಬರು ಇಸಿ. ಇಸಿಯವರಲ್ಲಿ ಒಬ್ಬ ಆ ರೂಮ್‌ಮೇಟ್. ಮುಂದಿನ ವಾರ ಡಾಂಬರಿನ ಪುಟ್ಟ ಹಲಗೆಯೊಂದರ ತಳದಲ್ಲಿ ಎಳೆ ಹೂತು ಭಾರ ಹಾಕುತ್ತೇವೆ. ಎಳೆ ಮುಟ್ಟುವ ಕೆಲಸ ನನಗೆ ಕೊಡಬಾರದೆಂದು ಮೂವರೂ ಈಗಾಗಲೇ ತೀರ್ಮಾನಿಸಿದ್ದಾರೆ.