ಜಿಲ್ಲಾಸ್ಪತ್ರೆಯ ಬಾಗಿಲಿಗೆ ಮಿದುಳಿನ ಆರೈಕೆ

ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಯಿರಲಿ, ಕುಣಿಗಲ್ ಇರಲಿ, ಯಾರಿಗಾದರೂ ಫಿಟ್ಸ್ ಬಂದರೆ, ಲಕ್ವ ಹೊಡೆದರೆ, ಬಹುಕಾಲದಿಂದ ಕೇಳಿಬರುವ ಮಾತು ‘ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಿ’ ಎಂಬುದು. ಬೆಂಗಳೂರಿನ ಆ ಮಿದುಳು, ಮನೋರೋಗಗಳ ಆಸ್ಪತ್ರೆಗೆ ಬೆಳಗಿನ ಜಾವದ ಬಸ್ಸು ಹಿಡಿದು, ಚೀಟಿಗಾಗಿ ಸಾಲಿನಲ್ಲಿ ನಿಂತು, ಸಂಜೆ ಮಾತ್ರೆಯೊಂದಿಗೆ ಮರಳಿದರೆ ರೋಗಿಯ ಕೂಲಿಯೂ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು. ಹೀಗಾಗಿ ಓಡಾಟ ನಿಲ್ಲುತ್ತದೆ, ಮಾತ್ರೆ ತಪ್ಪುತ್ತದೆ, ಫಿಟ್ಸ್ ಮರುಕಳಿಸುತ್ತದೆ.

ಈ ದೂರವನ್ನು ತಗ್ಗಿಸಲು 2022ರ ಜನವರಿಯಲ್ಲಿ ಆರಂಭವಾದದ್ದು ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್. ರಾಜ್ಯ ಆರೋಗ್ಯ ಇಲಾಖೆ, ನಿಮ್ಹಾನ್ಸ್ ಮತ್ತು ನೀತಿ ಆಯೋಗ ಇದರಲ್ಲಿ ಕೈಜೋಡಿಸಿವೆ. ಮೊದಲು ಬೆಂಗಳೂರಿನ ಜಯನಗರ ಸಾರ್ವಜನಿಕ ಆಸ್ಪತ್ರೆ, ಕೋಲಾರ ಮತ್ತು ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಗಳಲ್ಲಿ ಶುರುವಾದ ಮಿದುಳು ಆರೋಗ್ಯ ಕ್ಲಿನಿಕ್‌ಗಳು ಆಮೇಲೆ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿದವು. ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಮರೆವಿನ ಕಾಯಿಲೆ ಈ ನಾಲ್ಕು ಇಲ್ಲಿಯ ಮುಖ್ಯ ಗಮನ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ನಿಮ್ಹಾನ್ಸ್ ತಜ್ಞರು ತರಬೇತಿ ಕೊಡುತ್ತಾರೆ. ಆ ವೈದ್ಯರು ಗುರುತಿಸಿದ ರೋಗಿ ಜಿಲ್ಲಾಸ್ಪತ್ರೆಗೆ ಬರುತ್ತಾರೆ. ಅಲ್ಲಿಯೂ ಬಗೆಹರಿಯದಿದ್ದರಷ್ಟೇ ಬೆಂಗಳೂರಿಗೆ ಹೋಗಬೇಕು.

ಇದರ ಹಿಂದೆ ದಶಕಗಳ ಸಂಶೋಧನೆಯಿದೆ. ನಿಮ್ಹಾನ್ಸ್‌ನ ನರರೋಗ ತಜ್ಞೆ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಹಾಗೂ ಸುತ್ತಲ ಹಳ್ಳಿಗಳಲ್ಲಿ 1,02,557 ಜನರ ಸಮೀಕ್ಷೆ ನಡೆಸಿ 2004ರಲ್ಲಿ ಪ್ರಕಟಿಸಿದರು. ಮೂರ್ಛೆರೋಗ ನಗರದಲ್ಲಿ ಸಾವಿರಕ್ಕೆ ಸುಮಾರು 6 ಮಂದಿಗಿದ್ದರೆ, ಹಳ್ಳಿಗಳಲ್ಲಿ ಸುಮಾರು 12 ಮಂದಿಗಿತ್ತು. ತಜ್ಞರಿರುವುದು ನಗರದಲ್ಲಿ, ರೋಗ ಹೆಚ್ಚಿರುವುದು ಹಳ್ಳಿಯಲ್ಲಿ. ಅದಕ್ಕೂ ಮೊದಲೇ, 1990ರ ದಶಕದಲ್ಲಿ, ನರರೋಗ ತಜ್ಞ ಡಾ. ಕೆ.ಎಸ್. ಮಣಿ ಅವರ ತಂಡ ಯಳಂದೂರಿನ ಹಳ್ಳಿಗಳಿಗೆ ಹೋಗಿತ್ತು. ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳನ್ನು ಊರಿನಲ್ಲೇ ತಪ್ಪದೆ ಒದಗಿಸಿದರೆ ಬಹಳಷ್ಟು ಮಂದಿಯ ಫಿಟ್ಸ್ ಹತೋಟಿಗೆ ಬರುತ್ತದೆಂದು ಅವರು ತೋರಿಸಿಕೊಟ್ಟರು. ನಮ್ಮ ಜಿಲ್ಲೆಯ ಮಧುಗಿರಿಗೂ ನಿಮ್ಹಾನ್ಸ್ ವೈದ್ಯರು ಸಂಚಾರಿ ಕ್ಲಿನಿಕ್ ನಡೆಸಲು ಬರುತ್ತಿದ್ದುದನ್ನು ಹಲವು ಕುಟುಂಬಗಳು ಬಲ್ಲವು.

ಪಾರ್ಶ್ವವಾಯುವಿನಲ್ಲಂತೂ ದೂರವೇ ಶತ್ರು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ ಕೂರದೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸುವುದರಿಂದ ಪ್ರಯೋಜನವಿಲ್ಲ. ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು. ಹಿರಿಯರ ಮರೆವನ್ನು ‘ಅರವತ್ತಕ್ಕೆ ಅರಳು ಮರಳು’ ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದ ಬಂದ ಮರೆವಾದರೆ ಚಿಕಿತ್ಸೆಯಿದೆ.

ಕ್ಲಿನಿಕ್ ತೆರೆದರಷ್ಟೇ ಸಾಲದು. ಮೂರ್ಛೆರೋಗಕ್ಕೆ ವರ್ಷಗಟ್ಟಲೆ ಮಾತ್ರೆ ಬೇಕು. ಒಂದು ವಾರ ತಪ್ಪಿದರೂ ಅಪಾಯ. ಗುಬ್ಬಿ, ಕುಣಿಗಲ್‌ನಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ಆ ಮಾತ್ರೆ ಎಂದೂ ಖಾಲಿಯಾಗದಂತೆ ನೋಡಿಕೊಳ್ಳುವುದು, ಬರುವುದು ಬಿಟ್ಟ ರೋಗಿಯ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ವಿಚಾರಿಸುವುದು, ಈ ಎರಡು ಕೆಲಸ ನಡೆದರೆ ಯಳಂದೂರು ಕಲಿಸಿದ ಪಾಠ ತುಮಕೂರಿನಲ್ಲೂ ಫಲ ಕೊಡುತ್ತದೆ.